ಸೌಂದರ್ಯ ಬರ್ಲಿಲ್ಲೇನು?

ಮಗಳ ಫೋನು ಬಡಿದುಕೊಂಡಾಗ ಮಂಜಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ಚಂದ್ರಣ್ಣ ಬೆಳಗಿನ ಪಾಳಿಗೆ ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಹೋಗಿಯಾಗಿತ್ತು. ಬಳ್ಳಾರಿ ಕೌಲ್ ಬಜಾರಿನ ಆ ಎರಡು ಕೋಣೆಯ ಮನೆಯಲ್ಲಿ, ಬುದ್ಧ ಮತ್ತು ಅಂಬೇಡ್ಕರರ ಪಟಗಳ ಕೆಳಗಿನ ಗೂಡಿನಲ್ಲಿ ಆ ಫೋನು ಇರುತ್ತಿತ್ತು. ಮಗಳು ಸೌಂದರ್ಯ ದೀಪಾವಳಿಯ ಹಿಂದೆಮುಂದೆ ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಈಗ ಮಾಘದ ಬಿಸಿಲು ಬಿದ್ದಿತ್ತು. ಆದರೂ ಮಂಜಮ್ಮ ಆ ಫೋನಿಗೆ ಕರೆನ್ಸಿ ಹಾಕಿಸುವುದನ್ನು ಬಿಟ್ಟಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು.

"ಹಲೋ, ಸೌಂದರ್ಯ ಅಕ್ಕಾರಾ? ನಾ ಗದಗಿನಿಂದ ಜ್ಯೋತಿಲಕ್ಷ್ಮಿ ಮಾತಾಡ್ತೀನ್ರಿ. ಮಳಿಗಾಲದಾಗ ಫೋನ್ ಮಾಡಿದ್ನೆಲ್ಲ, ತಾಮ್ರದ ಗುಡ್ಡ ನೋಡಬೇಕಂತ? ನೀವು ಬಿಸಲು ಬಿದ್ದ ಮ್ಯಾಲೆ ಬರ್ರಿ ಅಂದಿದ್ರಿ."

ಮಂಜಮ್ಮ ಗಂಟಲು ಸರಿಮಾಡಿಕೊಂಡಳು. "ನಾ ಆಕಿ ಅವ್ವ ಅದೀನಿ. ಸೌಂದರ್ಯ ಇಲ್ಲವ್ವ."

"ಹೊರಗ ಹೋಗ್ಯಾರೇನ್ರಿ? ಇರ್ಲಿ ಬಿಡ್ರಿ. ಬರೋ ಭಾನುವಾರ ನಮ್ಮವ್ವನ್ನ ಕರಕೊಂಡು ಬರ್ತೀನಿ ಅಂತ ಹೇಳ್ತೀರೇನು? ಮುಂದಿನ ತಿಂಗಳು ನನ್ನ ಮದುವಿ ಐತ್ರಿ. ಆಮ್ಯಾಲೆ ನಾವಿಬ್ರೂ ಹಿಂಗ ತಿರುಗ್ಯಾಡೂದು ಆಗೂದಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯೇಳುತ್ತಿತ್ತು. ಇಲ್ಲ ಎಂದರೆ ಏನೆಂದು ಆ ಹುಡುಗಿಗೆ ಬಿಡಿಸಿ ಹೇಳಬೇಕಿತ್ತು. ಮಂಜಮ್ಮನ ಬಾಯಿಂದ ಬಂದದ್ದು ಬೇರೆ ಮಾತು.

"ಆತವ್ವ. ಬರ್ರಿ."

ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದ ಸೌಂದರ್ಯ ಎರಡು ವರ್ಷದಿಂದ ಪ್ರತಿ ಭಾನುವಾರ ದುರ್ಗೇಶನ ವ್ಯಾನಿನಲ್ಲಿ ಹೊರಗಿನವರನ್ನು ಕೂರಿಸಿಕೊಂಡು ಸುತ್ತಮುತ್ತಲಿನ ಹಳೆಯ ಜಾಗಗಳನ್ನು ತೋರಿಸುತ್ತಿದ್ದಳು. ಹಂಪಿಗೆ ಹೋಗುವವರೆಲ್ಲ ಬಳ್ಳಾರಿಯನ್ನು ರೈಲಿನ ಕಿಟಕಿಯಿಂದ ನೋಡಿ ಹೋಗುತ್ತಾರೆಂಬುದು ಅವಳ ಸಿಟ್ಟು. ಕುಡತಿನಿಯ ಬೂದಿ ದಿಬ್ಬ, ಕುರುಗೋಡಿನ ದೊಡ್ಡ ಬಸವ, ನಿಟ್ಟೂರಿನ ಅಶೋಕನ ಶಾಸನ, ಮಧ್ಯಾಹ್ನ ಸಿರುಗುಪ್ಪದಲ್ಲಿ ಊಟ, ಇಳಿಹೊತ್ತಿಗೆ ಬಳ್ಳಾರಿಯ ಪಡುವಣಕ್ಕಿರುವ ತಾಮ್ರದ ಗುಡ್ಡ. ಹೋದ ಕಡೆಯೆಲ್ಲ ವಿಡಿಯೋ ಮಾಡಿ ಹಾಕುತ್ತಿದ್ದಳು. "ಅವ್ವಾ, ಒಂದು ಭಾನುವಾರ ಬಾರಬೇ" ಎಂದು ಕರೆದಾಗಲೆಲ್ಲ ಮಂಜಮ್ಮನಿಗೆ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಓಟಿ ಇರುತ್ತಿತ್ತು. ಓಟಿ ಇಲ್ಲದ ಭಾನುವಾರ ಸೊಂಟನೋವು ಇರುತ್ತಿತ್ತು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ಆ ವಿಡಿಯೋಗಳನ್ನು ಕೇಳತೊಡಗಿದಳು. ನೋಡಲು ಧೈರ್ಯ ಬರಲಿಲ್ಲ, ಕೇಳುತ್ತಿದ್ದಳಷ್ಟೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಸೆರಗು ಹೊದ್ದು, ಮಿಷನ್ನಿನ ಸದ್ದಿನ ನಡುವೆ ದಿನಾ ಕೇಳಿ ಕೇಳಿ ಮಗಳ ಒಂದೊಂದು ಮಾತೂ ಬಾಯಿಪಾಠವಾಗಿತ್ತು. ಆ ಮಾತು ಯಾವ ಕಲ್ಲಿನ ಮುಂದೆ ನಿಂತು ಹೇಳಿದ್ದೆಂದು ಮಾತ್ರ ಗೊತ್ತಿರಲಿಲ್ಲ.

ಆ ಸಂಜೆ ವಿಷಯ ಕೇಳಿ ಚಂದ್ರಣ್ಣ ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಂದೀಗೆ ಸುಳ್ಳು ಹೇಳಿ ಊರೂರು ತಿರುಗ್ತೀಯೇನು?"

"ಸುಳ್ಳೆಲ್ಲಿ ಹೇಳೀನಿ? ಇಲ್ಲ ಅಂತನ ಹೇಳೀನಿ."

"ಫೋನ್ ಮಾಡಿ ಬ್ಯಾಡನ್ನು."

"ಒಂದಪ ಹೋಗಿ ಬರ್ತೀನಿ. ಆಕಿ ಏನ್ ನೋಡ್ತಿದ್ಲು ಅಂತ ನಾನೂ ನೋಡ್ತೀನಿ."

ಅವನು ಕೈ ತೊಳೆದು ಹೊರಗೆ ಹೋದ. ಮಗಳು ಹೋದ ದಿನದಿಂದ ಅವನು ಅವಳ ಹೆಸರನ್ನೇ ಎತ್ತಿರಲಿಲ್ಲ. ಸ್ಥಾವರದಲ್ಲಿ ಜೊತೆಗೆ ಬೂದಿ ಸಾಗಿಸುವ ಆಳುಗಳಿಗೂ ಏನೂ ಹೇಳಿರಲಿಲ್ಲ. ಮಣ್ಣಿಗೆ ಬಂದ ನಾಲ್ಕು ಜನರಿಂದ ಉಳಿದವರಿಗೆ ಗೊತ್ತಾಗಿತ್ತು.

ಭಾನುವಾರ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ಮುಂದೆ ದುರ್ಗೇಶ ವ್ಯಾನು ನಿಲ್ಲಿಸಿಕೊಂಡಿದ್ದ. ಮೂವತ್ತರ ಹರೆಯದವನು. ಸೌಂದರ್ಯ ಹೋದ ಮೇಲೆ ಅವನು ಆ ದಾರಿಗಳನ್ನೇ ಬಿಟ್ಟು ಆಸ್ಪತ್ರೆಯ ಬಾಡಿಗೆಗಳಿಗೆ ಓಡಿಸುತ್ತಿದ್ದ.

"ಅಕ್ಕಾ, ಇನ್ನೂ ಒಂದಪ ವಿಚಾರ ಮಾಡು. ಅಲ್ಲೆಲ್ಲ ಆಕೀನ ಕೇಳ್ತಾರ."

"ಯಾರು ಕೇಳ್ತಾರ?"

"ಎಲ್ಲಾರೂ. ನಾ ಯಾರಿಗೂ ಹೇಳಿಲ್ಲ. ಹೇಳಾಕ ನನಗ ಆಗ್ಲಿಲ್ಲ."

ಮಂಜಮ್ಮ ಏನೋ ಕೇಳುವಷ್ಟರಲ್ಲಿ ಜ್ಯೋತಿಲಕ್ಷ್ಮಿ ಮತ್ತು ಅವಳ ತಾಯಿ ಸುಮಂಗಲಾ ಸ್ಟೇಷನ್ನಿನಿಂದ ಹೊರಬಂದರು. ಹುಡುಗಿಗೆ ಸೌಂದರ್ಯಳದೇ ವಯಸ್ಸು. ತಲೆಗೊಂದು ಬಿಳಿ ಟೊಪ್ಪಿಗೆ, ಕಾಲಿಗೆ ಬೂಟು. ಗದಗಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸುಮಂಗಲಾ ಇಳಕಲ್ ಸೀರೆ ಉಟ್ಟಿದ್ದಳು, ಮೊಣಕಾಲಿನ ಮೇಲೆ ಕೈ ಊರಿ ಊರಿ ನಡೆಯುತ್ತಿದ್ದಳು.

"ಸೌಂದರ್ಯ ಅಕ್ಕ ಬರ್ಲಿಲ್ಲೇನ್ರಿ?"

"ಇವತ್ತು ನಾನ ತೋರಸ್ತೀನವ್ವ," ಎಂದಳು ಮಂಜಮ್ಮ.

ಹುಡುಗಿಯ ಮುಖ ಬಾಡಿತು. "ವಿಡಿಯೋದಾಗಿನ ಅಕ್ಕ ಇರ್ತಾರಂತ ಬಂದ್ವಿ," ಎಂದು ತಾಯಿಯ ಕಡೆ ತಿರುಗಿ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಸುಮಂಗಲಾ ಅವಳನ್ನು ಗದರಿ ವ್ಯಾನು ಹತ್ತಿಸಿದಳು.

ಕೋಟೆ ಗುಡ್ಡ ಹಿಂದೆ ಸರಿದು ಹೊಸಪೇಟೆಯ ರಸ್ತೆ ಬಂತು. ಕುಡತಿನಿ ಹತ್ತಿರವಾದಂತೆ ಸ್ಥಾವರದ ಚಿಮಣಿಗಳು ಎದ್ದು ಬಂದವು. ಚಂದ್ರಣ್ಣ ಆ ಹೊತ್ತು ಅದರೊಳಗೆಲ್ಲೋ ಇದ್ದ. ದುರ್ಗೇಶ ಮುಂದೆ ಹೋಗಿ ಒಂದು ಬೋಳು ದಿಬ್ಬದ ಪಕ್ಕ ಗಾಡಿ ನಿಲ್ಲಿಸಿದ. ಮಂಜಮ್ಮ ಇಳಿದು ನಿಂತಳು. ಕಣ್ಣು ಮುಚ್ಚಿದಳು. ಮಿಷನ್ನಿನ ಸದ್ದಿನ ನಡುವೆ ಕೇಳಿದ್ದ ದನಿ ಕಿವಿಯಲ್ಲಿ ಶುರುವಾಯಿತು, ಅದರ ಹಿಂದೆ ಹಿಂದೆ ಇವಳ ಬಾಯಿ ಹೋಯಿತು.

"ಇದು ಮಣ್ಣಲ್ರಿ, ಬೂದಿ. ನಾಕ ಸಾವಿರ ವರ್ಷದ ಹಿಂದ ಇಲ್ಲಿ ದನ ಸಾಕೋ ಮಂದಿ ಇದ್ರು. ಸಗಣಿ ಗುಡ್ಡೆ ಹಾಕಿ ಸುಡ್ತಿದ್ರು. ಸುಟ್ಟು ಸುಟ್ಟು ಗುಡ್ಡ ಆಗೇತಿ. ನಮ್ಮಪ್ಪ ಅಲ್ಲಿ ಕಾಣ್ತೈತೆಲ್ಲ, ಆ ಚಿಮಣಿ ಕೆಳಗ ಈಗಿನ ಬೂದಿ ಕಾಯ್ತಾನ. ನಾ ಇಲ್ಲಿ ಹಳೇ ಬೂದಿ ಕಾಯ್ತೀನಿ."

ಸುಮಂಗಲಾ ನಕ್ಕಳು. "ನಿಮ್ಮಪ್ಪಾರು ಇನ್ನೂ ಕೆಲಸ ಮಾಡ್ತಾರೇನ್ರಿ?"

ಮಂಜಮ್ಮ ಕಣ್ಣು ತೆರೆದಳು. ಮಗಳ ಮಾತನ್ನು ಇದ್ದ ಹಾಗೇ ಹೇಳಿಬಿಟ್ಟಿದ್ದಳು. "ಅಲ್ಲಲ್ಲ, ನಮ್ಮ ಮನ್ಯಾರು ರೀ," ಎಂದು ತಿದ್ದಿಕೊಂಡಳು. ದುರ್ಗೇಶ ಟೈರು ನೋಡುವವನ ಹಾಗೆ ಬಾಗಿ ನಿಂತಿದ್ದ. ಮಗಳು ಅಪ್ಪನ ಬಗ್ಗೆ ಜನರ ಮುಂದೆ ಹೀಗೆ ನಗುನಗುತ್ತಾ ಹೇಳುತ್ತಿದ್ದಳೆಂದು ಚಂದ್ರಣ್ಣನಿಗೆ ಗೊತ್ತೇ ಇರಲಿಲ್ಲ.

ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಬೆಳಗಿನ ಗದ್ದಲ ಕರಗಿತ್ತು. ಒಳಗೆ ಒಂದೇ ಬಂಡೆಯ ಬಸವ ಛಾವಣಿ ಮುಟ್ಟುವ ಹಾಗೆ ಕೂತಿತ್ತು. ಮಂಜಮ್ಮ ಕತ್ತೆತ್ತಿ ನೋಡಿದಳು. ಇಷ್ಟು ದೊಡ್ಡದೆಂದು ಮಗಳ ಮಾತಿನಿಂದ ಅವಳಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಕಾಯಿ ಒಡೆಯುತ್ತಿದ್ದ ಮುದುಕರೊಬ್ಬರು ದುರ್ಗೇಶನನ್ನು ಕಂಡು ಅಲ್ಲಿಂದಲೇ ಕೂಗಿದರು.

"ಏನಲೇ ದುರ್ಗಾ! ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೋ? ಸೌಂದರ್ಯ ಬರ್ಲಿಲ್ಲೇನು?"

ದುರ್ಗೇಶ ಮಂಜಮ್ಮನನ್ನು ನೋಡಿದ. ಮಂಜಮ್ಮ ಮುಂದೆ ಬಂದಳು.

"ನಾನು ಆಕಿ ತಾಯಿ ಅದೀನ್ರಿ."

"ಹೌದೇನವ್ವ!" ಮುದುಕರ ಮುಖ ಅರಳಿತು. ಅವರ ಹೆಸರೂ ದೊಡ್ಡಬಸಪ್ಪ. "ನಿನ್ನ ಮಗಳು ಏನ್ ಮಾತಾಡ್ತಾಳವ್ವ! ಮೊದಲನೇ ಸಲ ಬಂದಾಗ, ನೀವು ಯಾವ ಪೈಕಿ ಅಂತ ಕೇಳಿದ್ನಿ. ತಪ್ಪು ನಂದು, ಹಳೇ ರೂಢಿ. ಏನಂದ್ಲು ಗೊತ್ತೇನು? 'ಅಜ್ಜಾ, ನಾವು ಬಸವಣ್ಣನ ಪೈಕಿ, ನೀವು ಯಾರ ಪೈಕಿ?' ಅಂದ್ಲು. ಮೂರು ದಿನ ನಕ್ಕೀನಿ. ಆವತ್ತಿನಿಂದ ಆಕಿ ಬಂದ್ರ ಮಂಗಳಾರತಿ ಆಕಿ ಕೈಗೇ ಮೊದಲು. ಎಲ್ಲಿ, ಹುಷಾರದಾಳ?"

ಸುತ್ತ ನಿಂತವರೆಲ್ಲ ನಗುತ್ತಿದ್ದರು. ಜ್ಯೋತಿಲಕ್ಷ್ಮಿಯೂ ನಗುತ್ತಿದ್ದಳು. ಆ ನಗುವಿನ ನಡುವೆ ಸೌಂದರ್ಯ ಬದುಕಿದ್ದಳು. ಕೌಲ್ ಬಜಾರಿನಲ್ಲಿ ಸತ್ತಿದ್ದಳು, ಓದಿದ ಕಾಲೇಜಿನಲ್ಲಿ ಸತ್ತಿದ್ದಳು, ಈ ಗುಡಿಯ ಅಂಗಳದಲ್ಲಿ ಇನ್ನೂ ಸತ್ತಿರಲಿಲ್ಲ.

"ಹುಷಾರದಾಳ್ರಿ. ಪರೀಕ್ಷಿ ಐತಿ, ಓದಾಕ ಕೂತಾಳ," ಎಂದಳು ಮಂಜಮ್ಮ.

"ಓದ್ಲಿ, ಓದ್ಲಿ. ಈ ಹೂವು ಆಕೀಗೆ ಕೊಡು."

ಬಸವನ ಕೊರಳಿನಿಂದ ತೆಗೆದ ಚೆಂಡು ಹೂವನ್ನು ಮಂಜಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು. ವ್ಯಾನಿಗೆ ಬಂದ ಮೇಲೆ ದುರ್ಗೇಶ ಕೀಲಿ ತಿರುಗಿಸದೆ ಸ್ವಲ್ಪ ಹೊತ್ತು ಹಾಗೇ ಕೂತ.

ನಿಟ್ಟೂರಿನ ದಾರಿಯುದ್ದಕ್ಕೂ ಭತ್ತದ ಗದ್ದೆಗಳು. ಹಿಂದಿನ ಸೀಟಿನಲ್ಲಿ ತಾಯಿ ಮಗಳಿಗೆ ಜಗಳ ಹತ್ತಿತ್ತು. ಟೊಪ್ಪಿಗೆ ತೆಗೆದು ಕಿಟಕಿಗೆ ಮುಖ ಕೊಟ್ಟಿದ್ದಕ್ಕೆ ಸುಮಂಗಲಾ, "ಮದುವಿ ಹತ್ರ ಬಂತು, ಸುಟ್ಟ ಬದನಿಕಾಯಿ ಆಗ್ತಿ ನೋಡು," ಅಂದಳು. "ಅವನಿಗೆ ಬ್ಯಾಡಾದ್ರ ಬಿಡ್ಲಿ," ಅಂದಳು ಹುಡುಗಿ. "ಎಂಥಾ ಮಾತಾಡ್ತಿ!" ಎಂದು ತಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮುಂದೆ ಕೂತಿದ್ದ ಮಂಜಮ್ಮ ಆ ಜಗಳ ನಿಲ್ಲದಿರಲಿ ಎಂಬಂತೆ ಕೇಳುತ್ತಿದ್ದಳು.

ನಿಟ್ಟೂರಿನಲ್ಲಿ ಹೊಳೆ ಹತ್ತಿರದ ಆ ಬಂಡೆಯ ಮುಂದೆ ನಿಂತು ಅವಳು ಹೇಳಿದಳು: "ಎರಡು ಸಾವಿರ ವರ್ಷಕ್ಕಿಂತ ಹಿಂದ ಒಬ್ಬ ರಾಜ ಇಲ್ಲಿ ತನ್ನ ಹೆಸರು ಹಾಕಿ ಮಾತು ಬರೆಸ್ಯಾನ. ಭಾಳ ಕಡೆ ಅವನು ತನ್ನ ಹೆಸರೇ ಹೇಳೂದಿಲ್ಲ. ನಮ್ಮ ನಿಟ್ಟೂರಿನ ಕಲ್ಲು ಅಶೋಕ ಅಂತ ಬಾಯಿಬಿಟ್ಟು ಹೇಳತೈತಿ. ಬುದ್ಧನ ಮಾತು ನಮ್ಮ ಹೊಳಿ ದಂಡಿಗೆ ಆಗಲೇ ಬಂದಿತ್ತು. ನಾವೇನು ನಿನ್ನೆ ಬುದ್ಧನ ಕಡೆ ಬಂದವರಲ್ಲ."

ಅಕ್ಷರಗಳು ಸವೆದಿದ್ದವು. ಮಂಜಮ್ಮನಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಬೇಕು, ಇದಂತೂ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಆದರೂ ಕೈ ಮುಗಿದಳು. ಹೊಳೆಯ ಕಡೆಯಿಂದ ಇಬ್ಬರು ಹೆಂಗಸರು ಬಟ್ಟೆ ಹೊತ್ತು ಬಂದು ಇವರನ್ನು ನೋಡಿಯೂ ನೋಡದವರ ಹಾಗೆ ದಾಟಿ ಹೋದರು. ಇಲ್ಲಿ ಯಾರೂ ಸೌಂದರ್ಯಳನ್ನು ಕೇಳಲಿಲ್ಲ. ಕೇಳದಿದ್ದರೆ ಸಾಕೆಂದು ಅವಳಿಗೆ ಅನ್ನಿಸಬೇಕಿತ್ತು. ಹಾಗನ್ನಿಸಲಿಲ್ಲ. ಯಾರಾದರೂ ಬರುತ್ತಾರೇನೋ ಎಂದು ಊರಿನ ಕಡೆ ನೋಡುತ್ತಾ ಬೇಕೆಂದೇ ತಡಮಾಡಿದಳು.

ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ ಹೊನ್ನೂರಮ್ಮನ ಖಾನಾವಳಿ. ತಗಡಿನ ಚಪ್ಪರ, ನಾಲ್ಕು ಬೆಂಚು, ಗೋಡೆಗೆ ಬುದ್ಧನ ಕ್ಯಾಲೆಂಡರು. ಹೊನ್ನೂರಮ್ಮ ದಪ್ಪ ಹೆಂಗಸು, ಮಾತಿನಲ್ಲಿ ಆಗಾಗ ತೆಲುಗು. ದುರ್ಗೇಶ ಮಂಜಮ್ಮನ ಗುರುತು ಹೇಳಿದ.

"ಅಯ್ಯೋ ನಮ್ಮ ಸೌಂದರ್ಯನ ಅವ್ವಾನಾ? ಮೂಗು ನೋಡಿದ್ರ ಗೊತ್ತಾಗತೈತಿ. ಬಾರಮ್ಮ, ಕೂಡು. ಯಾಕ ಆಕಿ ಬರ್ಲಿಲ್ಲೇನು? ಎಷ್ಟು ದಿನ ಆತು, ಫೋನೂ ಇಲ್ಲ, ಪತ್ತಾನೂ ಇಲ್ಲ."

"ಜ್ವರ ಬಂದಿತ್ತು," ಎಂದಳು ಮಂಜಮ್ಮ.

"ಈಗ ಕಡಿಮಿ ಆತೇನು?"

ಮಂಜಮ್ಮ ತಲೆ ಆಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿ ಹೊನ್ನೂರಮ್ಮ ಮಂಜಮ್ಮನ ಪಕ್ಕದಲ್ಲೇ ಕೂತುಬಿಟ್ಟಳು. ದನಿ ಇಳಿಸಿದಳು.

"ಒಳ್ಳೇ ಟೈಮಿಗೆ ಬಂದಿ ನೋಡು. ನಾನೇ ಬಳ್ಳಾರಿಗೆ ಬರಬೇಕಂತಿದ್ನಿ. ನನ್ನ ತಮ್ಮನ ಮಗ ಒಬ್ಬ ಅದಾನ, ಮಾರೇಶ ಅಂತ. ನಮ್ಮ ಪೈಕೀನ. ಭಾನುವಾರ ನಿಮ್ಮ ವ್ಯಾನು ಬರೋ ಹೊತ್ತಿಗೆ ಸರಿಯಾಗಿ ಇಲ್ಲೇ ಉಣ್ಣಾಕ ಬರ್ತಿದ್ದ. ಮೊದಲು ನನಗ ತಿಳೀಲಿಲ್ಲ, ಇವನಿಗೆ ನನ್ನ ರೊಟ್ಟಿ ಮ್ಯಾಲೆ ಯಾಕಿಷ್ಟು ಪ್ರೀತಿ ಅಂತ. ಆಮ್ಯಾಲೆ ನೋಡ್ತೀನಿ, ಕಣ್ಣು ತಾಟಿನ ಮ್ಯಾಲೆ ಇರೂದೇ ಇಲ್ಲ! ಆಕಿ ಕೂಡ ಒಂದು ಮಾತೂ ಆಡಿಲ್ಲ, ಅಂಜುಬುರುಕ. ನಿಮಗ ಒಪ್ಪಿಗಿ ಆದ್ರ ಮಾತಾಡೋಣು."

ದುರ್ಗೇಶ ಅರ್ಧ ಊಟ ಬಿಟ್ಟು ಎದ್ದು ಕೈ ತೊಳೆಯಲು ಹೋದವನು ತಿರುಗಿ ಬರಲಿಲ್ಲ. ಎದುರಿಗೆ ಕೂತಿದ್ದ ಜ್ಯೋತಿಲಕ್ಷ್ಮಿ, "ಅಯ್ಯ, ಸೌಂದರ್ಯ ಅಕ್ಕಂದೂ ಮದುವಿ!" ಎಂದು ತಾಯಿಯ ಭುಜ ತಿವಿದಳು.

ಈಗಲಾದರೂ ಹೇಳಬೇಕಿತ್ತು. ಮಂಜಮ್ಮ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ನೋಡಿದಳು. ಎಷ್ಟೋ ತಿಂಗಳು ಒಬ್ಬ ಹುಡುಗ ತನ್ನ ಮಗಳನ್ನು ದೂರದಿಂದ ನೋಡಿಕೊಂಡು ಸುಮ್ಮನೆ ಉಂಡು ಹೋಗಿದ್ದಾನೆ. ಸೌಂದರ್ಯಳಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದರೆ ಮನೆಗೆ ಬಂದು ಹೇಳುತ್ತಿದ್ದಳೋ ಏನೋ.

"ಹುಡುಗ ಏನ್ ಮಾಡ್ತಾನ?" ಎಂದು ಕೇಳಿದಳು.

"ರೈಸ್ ಮಿಲ್ಲಿನ್ಯಾಗ ಫಿಟ್ಟರ್ ಅದಾನ. ಕುಡಿಯೂದಿಲ್ಲ, ಗುಟಕಾ ತಿನ್ನೂದಿಲ್ಲ. ಸ್ವಂತ ಮನಿ ಐತಿ."

"ಅವರವ್ವ ಹೆಂಗ?"

"ಅವರವ್ವ ಇಲ್ಲ. ನಾನ ಸಾಕೀನಿ."

"ನಮ್ಮ ಮನ್ಯಾರ್ನ ಕೇಳಿ ಹೇಳ್ತೀನಿ," ಎಂದಳು ಮಂಜಮ್ಮ. ಅಂದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಿತು. ಆದರೆ ಹೊನ್ನೂರಮ್ಮ ಆಗಲೇ ಅವಳ ತಾಟಿಗೆ ಇನ್ನೊಂದು ಚಮಚೆ ತುಪ್ಪ ಹಾಕಿದ್ದಳು.

ತಾಮ್ರದ ಗುಡ್ಡದ ಬುಡಕ್ಕೆ ಬಂದಾಗ ಬಿಸಿಲು ಕೆಂಪಗಾಗಿತ್ತು. ಸುಮಂಗಲಾ ಮೊಣಕಾಲು ಹಿಡಿದುಕೊಂಡು ವ್ಯಾನಿನ ಹತ್ತಿರವೇ ಒಂದು ಕಲ್ಲಿನ ಮೇಲೆ ಕೂತಳು. ಮಂಜಮ್ಮ, ಜ್ಯೋತಿಲಕ್ಷ್ಮಿ ಮತ್ತು ದುರ್ಗೇಶ ಕಾಲುದಾರಿ ಹಿಡಿದು ಸ್ವಲ್ಪ ಮೇಲೆ ಹತ್ತಿದರು. ಮುಳ್ಳು ಪೊದೆಗಳ ನಡುವೆ ಹಳೆಯ ಅಗೆತದ ಗುಂಡಿಗಳು ಬಾಯಿ ತೆರೆದಿದ್ದವು. ಕೆಲವು ಕಲ್ಲುಗಳ ಮೇಲೆ ಹಸಿರು ಕರೆ ಇತ್ತು.

"ಈ ಹಸರು ನೋಡ್ರಿ," ಎಂದು ಮಂಜಮ್ಮ ಶುರುಮಾಡಿದಳು. "ಇದ ತಾಮ್ರದ ಗುರ್ತು. ಹೈದರಾಲಿ ಕಾಲದಾಗ ಇಲ್ಲಿ ತಾಮ್ರ ತೆಗೆಸಿದ್ರಂತ. ಖರ್ಚು ಜಾಸ್ತಿ, ಸಿಗೂದು ಕಡಿಮಿ ಅಂತ ಬಿಟ್ರಂತ. ಈಗ ಎಲ್ಲಾರೂ ಬಳ್ಳಾರಿ ಅಂದ್ರ ಬರೇ ಕಬ್ಬಿಣ ಅಂತಾರ. ಈ ಗುಡ್ಡದ ಹೆಸರಿನ್ಯಾಗ ಮಾತ್ರ ತಾಮ್ರ ಉಳಕೊಂಡೈತಿ. ತೆಗೆದೋರ ಹೆಸರು ಯಾರಿಗೂ ಗೊತ್ತಿಲ್ಲ. ಅವರೂ ನಮ್ಮ ನಿಮ್ಮಂಥಾ ಕೂಲಿ ಮಂದೀನ ಇರಬೇಕು. ಸಂಜಿಗೆ ಮನ್ಯಾಗ ಅವರಿಗೂ ಯಾರರ ಕಾಯ್ತಿದ್ರು..."

ಇದು ಸೌಂದರ್ಯ ಮಾಡಿದ ಕೊನೆಯ ವಿಡಿಯೋ. ಮುಂದಿನ ಸಾಲು ಮಂಜಮ್ಮನಿಗೆ ಗೊತ್ತಿತ್ತು, ಆದರೂ ಅಲ್ಲಿಗೇ ನಿಲ್ಲಿಸಿದಳು. ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ಫೋನು ಹಿಡಿದು ಗುಂಡಿಯ ಅಂಚಿಗೆ ಇಳಿಯತೊಡಗಿದಳು. ಸಡಿಲ ಕಲ್ಲುಗಳು ಉರುಳಿ ಒಳಗೆ ಬಿದ್ದ ಸದ್ದಾಯಿತು. ಮಂಜಮ್ಮ ಓಡಿಹೋಗಿ ಅವಳ ಮುಂಗೈ ಹಿಡಿದಳು.

"ಆಂಟಿ, ಬಿಡ್ರಿ, ನಾ ಬೀಳೂದಿಲ್ಲ."

"ಬ್ಯಾಡವ್ವ, ಮ್ಯಾಲೆ ಬಾ."

"ಒಂದು ಫೋಟೋ ಅಷ್ಟ. ಸೌಂದರ್ಯ ಅಕ್ಕ ಇಲ್ಲೇ ಒಳಗ ನಿಂತು ಮಾತಾಡ್ಯಾರಲ್ರಿ. ಅವರಿಗೇನೂ ಆಗಿಲ್ಲಲ್ಲ?"

ಮಂಜಮ್ಮನ ಬೆರಳುಗಳು ಬಿಗಿಯಾದವು. ಹುಡುಗಿ ನೋವಿನಿಂದ ಮುಖ ಹಿಂಡಿ, ಸಿಟ್ಟಿನಿಂದ ಕೈ ಕೊಸರಿದಳು. ಮಂಜಮ್ಮ ಬಿಡಲಿಲ್ಲ.

"ಅಕ್ಕಾ, ಬಿಡು," ಎಂದ ದುರ್ಗೇಶ.

"ಆಕಿ ಸತ್ತಾಳವ್ವ," ಎಂದಳು ಮಂಜಮ್ಮ. "ಜ್ವರ ಬಂದಿತ್ತು ಅಂದ್ನೆಲ್ಲ, ಅದ ಜ್ವರ. ದವಾಖಾನಿಗೆ ನಡಕೋತ ಹೋಗಿದ್ಲು. ಭಾನುವಾರದೊಳಗ ಬಿಡ್ತಾರೇನು ಡಾಕ್ಟ್ರೇ, ಮಂದಿ ಬರ್ತಾರ ಅಂತ ಕೇಳ್ತಿದ್ಲು. ಆ ಭಾನುವಾರನ ಮಣ್ಣು ಮಾಡಿದ್ವಿ. ನಾ ಆಕಿ ಕೂಡ ಒಂದಿನಾನೂ ಇಲ್ಲಿಗೆ ಬಂದಿಲ್ಲವ್ವ. ಇವತ್ತ ಮೊದಲು."

ಜ್ಯೋತಿಲಕ್ಷ್ಮಿ ಕೊಸರುವುದನ್ನು ನಿಲ್ಲಿಸಿದಳು. ಗುಂಡಿಯನ್ನೊಮ್ಮೆ, ಮಂಜಮ್ಮನನ್ನೊಮ್ಮೆ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಸಿಟ್ಟೇ ಬಂತು.

"ಮೊದಲ ಹೇಳಬೇಕಿತ್ತಲ್ರಿ! ಬೆಳಿಗ್ಗಿಂದ ನಾ ನಗಾಕತ್ತೀನಿ. ಮದುವಿ ಅಂತ ಜೋಕ್ ಮಾಡೀನಿ. ನನಗ ಹೆಂಗಾಗಬ್ಯಾಡ?"

"ನಗಲಿ ಅಂತನ ಹೇಳ್ಲಿಲ್ಲವ್ವ."

ಹುಡುಗಿ ಮುಖ ಮುಚ್ಚಿಕೊಂಡು ಕೆಳಗಿಳಿದು ಹೋಗಿ ತಾಯಿಯ ಮಡಿಲಲ್ಲಿ ತಲೆ ಇಟ್ಟಳು. ದುರ್ಗೇಶ ಒಂದು ಕಲ್ಲಿನ ಮೇಲೆ ಕೂತು ಅತ್ತ. ಅಲ್ಲಿಯವರೆಗೆ ಅವನು ಎಲ್ಲಿಯೂ ಅತ್ತಿರಲಿಲ್ಲವಂತೆ. ಅಳಲು ಇವನ್ಯಾರು ಎಂದು ಮಂದಿ ಕೇಳಿಯಾರೆಂಬ ಅಂಜಿಕೆ. ಮಂಜಮ್ಮ ಅವನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸುಮಂಗಲಾ ಮುಂದಿನ ಸೀಟಿಗೆ ಬಂದು ಮಂಜಮ್ಮನ ಪಕ್ಕದಲ್ಲಿ ಕೂತಳು. ಊರು ಹತ್ತಿರವಾದಾಗ ಅಂದಳು, "ಮದುವಿಗೆ ಬರ್ರಿ ಅಂತ ಕರೀಬೇಕು ಅನಸ್ತೈತಿ. ಆದ್ರ ಯಾವ ಬಾಯಿಲೆ ಕರೀಲಿ?"

"ಕರಿಬ್ಯಾಡ್ರಿ," ಎಂದಳು ಮಂಜಮ್ಮ. "ಆದ್ರ ಆಕಿ ಕೂಡ ಜಗಳಾಡೂದು ಬಿಡಬ್ಯಾಡ್ರಿ."

ಮನೆಗೆ ಬಂದಾಗ ಚಂದ್ರಣ್ಣ ದೀಪ ಹಚ್ಚಿ, ಹೊಸ್ತಿಲಲ್ಲಿ ಕೂತಿದ್ದ. ಹೋಗಬೇಡ ಅಂದವನು, ಹೇಗಾಯಿತೆಂದು ಕೇಳಲಿಲ್ಲ. ಮಂಜಮ್ಮ ತಾನಾಗಿಯೇ ಹೇಳಿದಳು. ಬೂದಿ ದಿಬ್ಬದ ಮಾತು ಹೇಳಿದಾಗ ಅವನು ಚಿಮಣಿ ಎಂಬುದನ್ನು ಇನ್ನೊಮ್ಮೆ ಹೇಳಿಸಿದ. "ಹಂಗಂದ್ಲೇನು?" ಎಂದು ಕೇಳಿ, ಉಗುರು ಸಂದಿನಲ್ಲಿ ಉಳಿದಿದ್ದ ಬೂದಿಯನ್ನು ತಿಕ್ಕಿಕೊಂಡ. ಕುರುಗೋಡಿನ ಮಾತು ಹೇಳಿದಳು. ಕೊನೆಗೆ ಹೊನ್ನೂರಮ್ಮನ ಮಾತಿಗೆ ಬಂದಾಗ ಅವಳ ದನಿ ತಗ್ಗಿತು.

ಚಂದ್ರಣ್ಣ ಬೀದಿಯ ಕಡೆ ತಿರುಗಿದ.

"ಹುಡುಗ ಏನ್ ಮಾಡ್ತಾನಂತ?" ಎಂದು ಕೇಳಿದ.

"ರೈಸ್ ಮಿಲ್ಲಿನ್ಯಾಗ ಫಿಟ್ಟರ್."

"ಚಲೋ ಕೆಲಸ," ಎಂದ ಚಂದ್ರಣ್ಣ. ಅವನು ಗದ್ದವನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡ. ಮಂಜಮ್ಮ ಅವನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತಳು. ಅವತ್ತು ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಅತ್ತರು.

ಆ ವಾರವೆಲ್ಲ ಅವನು ಒಂದೇ ಮಾತು ಹೇಳಿದ. "ಆ ಹುಡುಗನ್ನ ಹಂಗ ಕಾಯಿಸಬಾರ್ದು. ಹೋಗಿ ಹೇಳಬೇಕು."

ಮುಂದಿನ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಕುರುಗೋಡಿಗೆ ಹೋದರು. ದೊಡ್ಡಬಸಪ್ಪಜ್ಜ ಗುಡಿಯ ಮೆಟ್ಟಿಲ ಮೇಲಿದ್ದರು. ಮಂಜಮ್ಮ ಕಾಲು ಮುಟ್ಟಿ, "ಅಜ್ಜಾ, ಹೋದ ವಾರ ನಾ ಸುಳ್ಳು ಹೇಳಿದ್ನಿ," ಎಂದಳು. ಮುಂದಿನದನ್ನು ಕೇಳಿ ಮುದುಕರು ಗೋಡೆ ಹಿಡಿದುಕೊಂಡು ಕೂತರು. "ನಾ ಇನ್ನೂ ಅದೀನಿ, ನೋಡು," ಎಂದಷ್ಟೇ ಎರಡು ಸಲ ಅಂದರು. ಒಳಗೆ ಯಾರೋ ಆರತಿಗೆ ಕರೆದರೂ ಏಳಲಿಲ್ಲ.

ಸಿರುಗುಪ್ಪ ಮುಟ್ಟುವಾಗ ಊಟದ ಹೊತ್ತಾಗಿತ್ತು. ಖಾನಾವಳಿಯಲ್ಲಿ ಮಿಲ್ಲಿನ ಹಮಾಲರು ಗಿಜಿಗುಡುತ್ತಿದ್ದರು. ಹೊನ್ನೂರಮ್ಮ ಇವರನ್ನು ಬಾಗಿಲಲ್ಲಿ ಕಂಡಳು. ಗಂಡನೂ ಜೊತೆಗಿರುವುದನ್ನು ಕಂಡು ಅವಳ ಮುಖ ತುಂಬಾ ನಗು ಬಂತು.

"ಬರ್ರಿ ಬರ್ರಿ! ಇಬ್ಬರೂ ಬಂದೀರಿ ಅಂದ್ರ ಮಾತು ಪಕ್ಕಾ ಆದಂಗ. ಮಾರೇಶಾ, ಬಾರೋ ಇಲ್ಲಿ, ಯಾರು ಬಂದಾರ ನೋಡು!"

ಒಳಗಿನಿಂದ ಸಪೂರ ಹುಡುಗನೊಬ್ಬ ಕೈ ಒರೆಸಿಕೊಳ್ಳುತ್ತಾ ಬಂದ. ಇವರು ಯಾರೆಂದು ಗೊತ್ತಾದೊಡನೆ ಅಂಗಿಯ ಗುಂಡಿ ಹಾಕಿಕೊಂಡು ಬಾಗಿ ನಮಸ್ಕಾರ ಮಾಡಿದ. ಮಂಜಮ್ಮ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು.

ಚಂದ್ರಣ್ಣ ಮುಂದೆ ಹೋಗಿ ಹುಡುಗನ ಎರಡೂ ಕೈ ಹಿಡಿದುಕೊಂಡ.

"ನೋಡಪ್ಪ, ನಮ್ಮ ಸೌಂದರ್ಯ ತೀರಿಕೊಂಡಾಳ," ಎಂದ. "ದೀಪಾವಳಿ ಹೊತ್ತಿನ್ಯಾಗ. ನಿಮಗ ಯಾರೂ ಹೇಳಿಲ್ಲ. ನಾವ ಹೇಳಬೇಕಾಗಿತ್ತು. ಇದ್ದಿದ್ರ ನಿನ್ನಂಥಾವನಿಗೆ ಕೊಡಾಕ ನಾ ಹಿಂದಮುಂದ ನೋಡ್ತಿದ್ದಿಲ್ಲ."

ಹುಡುಗ ಕೈಯನ್ನು ಚಂದ್ರಣ್ಣನ ಕೈಯಲ್ಲೇ ಬಿಟ್ಟು ನಿಂತ. ಕೊನೆಗೆ ಮೆಲ್ಲಗೆ, "ಆಕಿ ಬರೂದು ಬಿಟ್ಟಾಗ, ನಾ ನೋಡೂದು ಗೊತ್ತಾಗಿ ಸಿಟ್ಟು ಬಂದೈತಿ ಅಂದ್ಕೊಂಡಿದ್ನಿರಿ," ಎಂದ.

"ಇಲ್ಲಪ್ಪ," ಎಂದಳು ಮಂಜಮ್ಮ. "ನಿನ್ನ ಮ್ಯಾಲೆ ಆಕೀಗೆ ಯಾಕ ಸಿಟ್ಟು?"

ಹೊನ್ನೂರಮ್ಮ ಒಲೆಯ ಮುಂದೆ ಕುಸಿದು ಕೂತು, "ಅಯ್ಯೋ ನನ್ನ ತಲ್ಲೀ, ತುಪ್ಪ ಹಾಕಿ ಕಳಿಸಿದ್ನೆಲ್ಲೋ," ಎಂದು ಎದೆ ಬಡಿದುಕೊಂಡಳು. ಬೆಂಚುಗಳಲ್ಲಿ ಹಮಾಲರು ಊಟ ನಿಲ್ಲಿಸಿ ಕೂತಿದ್ದರು. ಹೊಸದಾಗಿ ಬಂದವರಿಗೆ ಏನೂ ತಿಳಿಯದೆ ಬಾಗಿಲಲ್ಲೇ ನಿಂತಿದ್ದರು. ಹಂಚು ಕಾದು ಹೊಗೆಯಾಡುತ್ತಿತ್ತು.

ಮಂಜಮ್ಮ ಸೆರಗು ಬಿಗಿದು, ಹೊನ್ನೂರಮ್ಮನ ಭುಜ ಹಿಡಿದು ಪಕ್ಕಕ್ಕೆ ಕೂರಿಸಿದಳು. ಹಿಟ್ಟಿನ ಮುದ್ದೆ ಎಳೆದುಕೊಂಡು ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಮಾರೇಶ ಬಂದು ಬಿಸಿ ರೊಟ್ಟಿಗಳನ್ನು ಎತ್ತಿಕೊಂಡು ಹೋದ. ಚಂದ್ರಣ್ಣ ಸುಮ್ಮನೆ ನಿಲ್ಲಲಾರದೆ ನೀರಿನ ಜಗ್ಗು ಹಿಡಿದು, ಉಣ್ಣುತ್ತಿದ್ದವರ ಲೋಟಗಳಿಗೆ ಒಂದೊಂದಾಗಿ ಸುರಿಯುತ್ತಾ ನಡೆದ.